ದೀರ್ಘಕಾಲದ ಶ್ವಾಸಕೋಶ ರೋಗ ಮತ್ತು ವಿಮಾನಯಾನ: ಪ್ರಯಾಣಕ್ಕೆ ಮುನ್ನ ಆಗಬೇಕಾದ ಪರೀಕ್ಷೆ

ಉದ್ಯೋಗ, ವ್ಯಾಪಾರ, ವಿದ್ಯಾಭ್ಯಾಸಗಳ ನಿಮಿತ್ತ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಮೊದಲಾದ ನಗರಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ತಾಯ್ನಾಡಿನ ಪ್ರಯಾಣ ತಪ್ಪಿದ್ದಲ್ಲ. ಮದುವೆ, ಗೃಹಪ್ರವೇಶ, ಊರಿನ ಜಾತ್ರೆ, ಆಪ್ತರ ಅನಾರೋಗ್ಯ, ಉತ್ತರಕ್ರಿಯೆ ಮುಂತಾದ ಸಂದರ್ಭಗಳಲ್ಲಿ ಮನೆಯ ಹಿರಿಯರ ಉಪಸ್ಥಿತಿ ಅನಿವಾರ್ಯವೆನಿಸುತ್ತದೆ. ಒಂದು ಕಾಲದಲ್ಲಿ ಇಂತಹ ಪ್ರಯಾಣ ಬಹುಮಟ್ಟಿಗೆ ರೈಲಿನಲ್ಲಿಯೇ ನಡೆಯುತ್ತಿತ್ತು. ಬೆಂಗಳೂರು, ಮಂಗಳೂರು, ಹುಬ್ಬಳ್ಳಿ, ಬೆಳಗಾವಿಗಳಲ್ಲದೆ 2019ರಲ್ಲಿ ಕಲಬುರಗಿಯಲ್ಲಿಯೂ 2023ರಲ್ಲಿ ಶಿವಮೊಗ್ಗದಲ್ಲಿಯೂ ವಿಮಾನ ನಿಲ್ದಾಣಗಳು ಆರಂಭವಾಗಿರುವುದರಿಂದ, ಹಿಂದೆ ವಿಮಾನವನ್ನೇ ಹತ್ತದಿದ್ದ ವೃದ್ಧರೂ ಈಗ ವಿಮಾನದಲ್ಲಿ ಸಂಚರಿಸುತ್ತಿದ್ದಾರೆ.

ಇವರಲ್ಲಿ ಕೆಲವರು ದೀರ್ಘಕಾಲದ ಶ್ವಾಸಕೋಶ ರೋಗಿಗಳು. ಬೀಡಿ ಸಿಗರೇಟುಗಳ ಸೇವನೆ, ವರ್ಷಗಟ್ಟಲೆ ಸೇವಿಸಿದ ಸೌದೆ ಒಲೆಯ ಹೊಗೆ, ಗಣಿ ಮತ್ತು ಕಲ್ಲುಕೆಲಸದ ಧೂಳು, ಹಿಂದೆ ಬಂದು ವಾಸಿಯಾದರೂ ಕಲೆ ಉಳಿಸಿಹೋದ ಕ್ಷಯ ಮುಂತಾದ ಕಾರಣಗಳಿಂದ ಇವರ ಶ್ವಾಸಕೋಶಗಳ ಶಕ್ತಿ ಕುಗ್ಗಿರುತ್ತದೆ. ಇಂತಹವರು ವಿಮಾನಯಾನದ ವಿಷಯದಲ್ಲಿ ಎರಡು ಬಗೆಯ ತಪ್ಪುಗಳನ್ನು ಮಾಡುವುದುಂಟು. ಕೆಲವರು ಭಯದಿಂದ ಪ್ರಯಾಣವನ್ನೇ ಕೈಬಿಟ್ಟು, ಮಗಳ ಮದುವೆಗಾಗಲಿ ಅಣ್ಣನ ಅಂತ್ಯದರ್ಶನಕ್ಕಾಗಲಿ ಹೋಗದೆ ಕೊರಗುತ್ತಾರೆ. ಮತ್ತೆ ಕೆಲವರು, ರೋಗವನ್ನು ತಿಳಿಸಿದರೆ ವಿಮಾನ ಹತ್ತಲು ಬಿಡುವುದಿಲ್ಲವೆಂದು ಅದನ್ನು ಮುಚ್ಚಿಟ್ಟು ಹೊರಡುತ್ತಾರೆ. ಇವೆರಡೂ ಅನಗತ್ಯ. ಪ್ರಯಾಣಕ್ಕೆ ಕೆಲವು ವಾರಗಳ ಮೊದಲೇ ಕ್ರಮಬದ್ಧವಾಗಿ ಪರೀಕ್ಷಿಸಿಕೊಂಡರೆ, ಬಹುಮಂದಿ ರೋಗಿಗಳಿಗೆ ದೊರೆಯುವ ಉತ್ತರ 'ಹೋಗಬೇಡಿ' ಎಂಬುದಲ್ಲ. 'ಇಂತಹ ಸಿದ್ಧತೆಯೊಡನೆ ಹೋಗಿ' ಎಂಬುದು.

ವಿಮಾನದೊಳಗಿನ ಗಾಳಿ

ದೊಡ್ಡ ಪ್ರಯಾಣಿಕ ವಿಮಾನಗಳು ಸಾಮಾನ್ಯವಾಗಿ 30,000ದಿಂದ 40,000 ಅಡಿಗಳ ಎತ್ತರದಲ್ಲಿ ಹಾರುತ್ತವೆ. ಅಲ್ಲಿನ ಗಾಳಿ ಮನುಷ್ಯನ ಉಸಿರಾಟಕ್ಕೆ ಸಾಲದಷ್ಟು ವಿರಳ. ಆದ್ದರಿಂದ ವಿಮಾನದ ಒಳಗೆ ಗಾಳಿಯನ್ನು ಒತ್ತಿ ತುಂಬಲಾಗುತ್ತದೆ. ಆದರೆ ಸಮುದ್ರಮಟ್ಟದ ಒತ್ತಡವನ್ನೇ ಒಳಗೆ ಕಾಪಾಡಬೇಕಾದರೆ ವಿಮಾನದ ಕವಚ ಇನ್ನೂ ದೃಢವಾಗಿಯೂ ಭಾರವಾಗಿಯೂ ಇರಬೇಕಾಗುತ್ತದೆ. ಈ ಕಾರಣದಿಂದ, ಒಳಗಿನ ಒತ್ತಡ 8,000 ಅಡಿ, ಅಂದರೆ ಸುಮಾರು 2,440 ಮೀಟರ್ ಎತ್ತರದ ಸ್ಥಳದಲ್ಲಿರುವ ಒತ್ತಡಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳಬೇಕೆಂಬುದು ವಿಮಾನ ನಿರ್ಮಾಣದ ನಿಯಮವಾಗಿದೆ. ಬೋಯಿಂಗ್ 787, ಏರ್‌ಬಸ್ ಎ350ರಂತಹ ಹೊಸ ವಿಮಾನಗಳಲ್ಲಿ ಈ ಮಿತಿ ಸುಮಾರು 6,000 ಅಡಿಗಳಷ್ಟಿರುತ್ತದೆ. ಆದರೆ ಕೊನೆಯ ಗಳಿಗೆಯಲ್ಲಿ ವಿಮಾನ ಬದಲಾಗಬಹುದಾದ್ದರಿಂದ, ರೋಗಿಗಳು 8,000 ಅಡಿಗಳ ಲೆಕ್ಕದಲ್ಲಿಯೇ ಸಿದ್ಧರಾಗುವುದು ಕ್ಷೇಮಕರ.

ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್. ಉದಕಮಂಡಲದ ಎತ್ತರ ಸುಮಾರು 2,240 ಮೀಟರ್. ಅಂದರೆ ಮುಂಬಯಿಯ ಕಡಲತೀರದಲ್ಲಿ ವಾಸಿಸುವ ರೋಗಿಯೊಬ್ಬರು ವಿಮಾನ ಹತ್ತಿ ಕುಳಿತ ಅರ್ಧ ಗಂಟೆಯೊಳಗೆ ಉದಕಮಂಡಲಕ್ಕಿಂತಲೂ ಎತ್ತರದ ಸ್ಥಳಕ್ಕೆ ಏರಿಸಲ್ಪಟ್ಟಂತಾಗಬಹುದು.

ಎತ್ತರದಲ್ಲಿಯೂ ಗಾಳಿಯಲ್ಲಿರುವ ಆಮ್ಲಜನಕದ ಪಾಲು ಶೇಕಡಾ 21 ಆಗಿಯೇ ಇರುತ್ತದೆ. ಕಡಿಮೆಯಾಗುವುದು ಗಾಳಿಯ ಒಟ್ಟು ಒತ್ತಡ. ಸಮುದ್ರಮಟ್ಟದಲ್ಲಿ ಪಾದರಸದ 760 ಮಿಲಿಮೀಟರ್ ಇರುವ ಒತ್ತಡ 8,000 ಅಡಿಗಳಲ್ಲಿ ಸುಮಾರು 565 ಮಿಲಿಮೀಟರಿಗೆ ಇಳಿಯುತ್ತದೆ. ಇದರ ಪರಿಣಾಮ, ನೆಲದ ಮೇಲಿದ್ದು ಶೇಕಡಾ 21ರ ಬದಲು ಶೇಕಡಾ 15ರಷ್ಟು ಮಾತ್ರ ಆಮ್ಲಜನಕವಿರುವ ಗಾಳಿಯನ್ನು ಉಸಿರಾಡಿದಂತೆ. ಈ 15 ಎಂಬ ಸಂಖ್ಯೆಯನ್ನು ನೆನಪಿನಲ್ಲಿಡಬೇಕು. ಮುಂದೆ ವಿವರಿಸಲಾಗುವ ಪರೀಕ್ಷೆಗೆ ಇದೇ ಆಧಾರ.

ರೋಗಿಗಳಿಗೆ ಏಕೆ ತೊಂದರೆ

ರಕ್ತದಲ್ಲಿ ಆಮ್ಲಜನಕದ ಪ್ರಮಾಣ ಎಷ್ಟಿದೆ ಎಂಬುದನ್ನು ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ತೋರಿಸುತ್ತದೆ. 2020-21ರ ಕೋವಿಡ್ ಕಾಲದಲ್ಲಿ ಈ ಉಪಕರಣ ಅನೇಕ ಮನೆಗಳನ್ನು ಸೇರಿದೆ. ಆರೋಗ್ಯವಂತರಲ್ಲಿ ಇದು 96ರಿಂದ 99 ತೋರಿಸುವುದು ಸಾಮಾನ್ಯ. ವಿಮಾನ ಮೇಲೇರಿದಾಗ ಅವರಲ್ಲಿಯೂ ಈ ಅಂಕ 90ರ ಆಸುಪಾಸಿಗೆ ಇಳಿಯುವುದುಂಟು. ಅವರಿಗೆ ಅದರ ಅರಿವೇ ಆಗುವುದಿಲ್ಲ.

ರಕ್ತವು ಆಮ್ಲಜನಕವನ್ನು ಹಿಡಿದಿಡುವ ಕ್ರಮವನ್ನು ಒಂದು ಗುಡ್ಡಕ್ಕೆ ಹೋಲಿಸಬಹುದು. ಗುಡ್ಡದ ನೆತ್ತಿ ಸಮತಟ್ಟು. ಅಂಚು ದಾಟಿದ ಮೇಲೆ ಕಡಿದಾದ ಇಳಿಜಾರು. ಆರೋಗ್ಯವಂತರು ನೆತ್ತಿಯ ನಡುವೆ ನಿಂತಿರುವವರು. ನಾಲ್ಕು ಹೆಜ್ಜೆ ಹಿಂದೆ ಸರಿದರೂ ಅವರು ಸಮತಟ್ಟಿನಲ್ಲಿಯೇ ಉಳಿಯುತ್ತಾರೆ. ಶ್ವಾಸಕೋಶ ರೋಗಿಗಳು ಅಂಚಿನ ಹತ್ತಿರ ನಿಂತವರು. ಅಷ್ಟೇ ಹೆಜ್ಜೆ ಸರಿದರೆ ಅವರು ಇಳಿಜಾರಿಗೆ ಬೀಳುತ್ತಾರೆ. ಈ ಅಂಚು ಆಕ್ಸಿಮೀಟರಿನ 90ರ ಅಂಕದ ಸಮೀಪದಲ್ಲಿದೆ. ಹೀಗಾಗಿ ವಿಮಾನದ ಗಾಳಿ ಎಲ್ಲರಿಗೂ ಒಂದೇ ಆದರೂ, ಒಬ್ಬರಲ್ಲಿ ಅಂಕ 97ರಿಂದ 92ಕ್ಕೆ ಇಳಿದರೆ, ಇನ್ನೊಬ್ಬರಲ್ಲಿ 93ರಿಂದ 82ಕ್ಕೆ ಕುಸಿಯಬಹುದು. ಆಗ ಏದುಸಿರು, ಎದೆಬಡಿತ, ತಲೆಸುತ್ತು, ಗೊಂದಲ ಕಾಣಿಸಿಕೊಳ್ಳುತ್ತವೆ. ಹೃದ್ರೋಗವೂ ಇದ್ದಲ್ಲಿ ಅಪಾಯ ಇನ್ನೂ ಹೆಚ್ಚು. ಎದ್ದು ಶೌಚಾಲಯಕ್ಕೆ ನಡೆದಾಗ ಅಂಕ ಮತ್ತಷ್ಟು ಕೆಳಗಿಳಿಯುತ್ತದೆ.

ಒತ್ತಡ ಕಡಿಮೆಯಾದಾಗ ಮುಚ್ಚಿದ ಜಾಗದಲ್ಲಿರುವ ಗಾಳಿ ಹಿಗ್ಗುತ್ತದೆ ಎಂಬುದು ಎರಡನೆಯ ಸಂಗತಿ. 8,000 ಅಡಿಗಳಲ್ಲಿ ಅದು ಮೂರನೆಯ ಒಂದು ಭಾಗಕ್ಕಿಂತಲೂ ಹೆಚ್ಚು ಹಿಗ್ಗುತ್ತದೆ. ಶ್ವಾಸಕೋಶದ ಹೊರಪದರದ ನಡುವೆ ಗಾಳಿ ಸೇರಿಕೊಂಡಿರುವವರಿಗೆ ಇದು ಪ್ರಾಣಾಪಾಯಕಾರಿ. ಶ್ವಾಸಕೋಶದಲ್ಲಿ ದೊಡ್ಡ ಗಾಳಿಗುಳ್ಳೆಗಳಿರುವವರು ಈ ಬಗ್ಗೆ ತಜ್ಞರ ಸಲಹೆ ಪಡೆಯಬೇಕು.

ಯಾರು ಪರೀಕ್ಷಿಸಿಕೊಳ್ಳಬೇಕು

ಹತೋಟಿಯಲ್ಲಿರುವ ಸಾಧಾರಣ ಅಸ್ತಮಾ ರೋಗಿಗಳು ಸೇದುವ ಔಷಧಿಯನ್ನು ಕೈಚೀಲದಲ್ಲಿಟ್ಟುಕೊಂಡು ನಿಶ್ಚಿಂತೆಯಿಂದ ಪ್ರಯಾಣಿಸಬಹುದು. ಆದರೆ ಕೆಳಗೆ ಹೇಳಿದವರು ಟಿಕೆಟು ಕೊಳ್ಳುವ ಮೊದಲೇ ವೈದ್ಯರನ್ನು ಕಾಣಬೇಕು: ಸಮತಟ್ಟಾದ ನೆಲದಲ್ಲಿ ನಿಧಾನವಾಗಿ ನಡೆದರೂ ಏದುಸಿರು ಬರುವವರು, ಸಿ.ಓ.ಪಿ.ಡಿ. ಎಂಬ ಶ್ವಾಸನಾಳ ಅಡಚಣೆಯ ರೋಗ, ಶ್ವಾಸಕೋಶ ಗಡುಸಾಗುವ ರೋಗ ಅಥವಾ ಕ್ಷಯದ ನಂತರದ ವ್ಯಾಪಕ ಹಾನಿ ಇರುವವರು. ಕಳೆದ ಆರು ವಾರಗಳಲ್ಲಿ ಉಸಿರಾಟದ ತೊಂದರೆಗಾಗಿ ಆಸ್ಪತ್ರೆ ಸೇರಿದ್ದವರು. ಹಿಂದಿನ ವಿಮಾನಯಾನದಲ್ಲಿ ತೊಂದರೆ ಅನುಭವಿಸಿದವರು. ಶ್ವಾಸಕೋಶ ರೋಗದೊಡನೆ ಹೃದ್ರೋಗವೂ ಇರುವವರು. ಮನೆಯಲ್ಲಿ ಆಮ್ಲಜನಕವನ್ನು ಅಥವಾ ಉಸಿರಾಟದ ಯಂತ್ರವನ್ನು ಬಳಸುತ್ತಿರುವವರು.

ಪರೀಕ್ಷೆಯ ಹಂತಗಳು

ಮೊದಲನೆಯ ಹಂತ ರೋಗಿಯ ವೃತ್ತಾಂತ. ಎಷ್ಟು ದೂರ ನಡೆಯಬಲ್ಲರು, ಎಷ್ಟು ಮೆಟ್ಟಿಲು ಹತ್ತಬಲ್ಲರು, ಇತ್ತೀಚೆಗೆ ಕೆಮ್ಮು ಕಫಗಳು ಹೆಚ್ಚಾಗಿವೆಯೇ ಎಂಬುದನ್ನು ವೈದ್ಯರು ವಿಚಾರಿಸುತ್ತಾರೆ. ಸಾಧಾರಣ ವೇಗದಲ್ಲಿ 50 ಮೀಟರ್ ನಡೆಯಲು ಅಥವಾ ಒಂದು ಅಂತಸ್ತಿನ ಮೆಟ್ಟಿಲು ಹತ್ತಲು ಸಾಧ್ಯವೇ ಎಂಬುದು ಬಹುಕಾಲದಿಂದ ಬಳಕೆಯಲ್ಲಿರುವ ಸರಳ ಪರೀಕ್ಷೆ. ಇದು ಎಚ್ಚರಿಕೆಯ ಸೂಚನೆಯಾಗಬಲ್ಲುದೇ ಹೊರತು ಅಂತಿಮ ತೀರ್ಪಾಗಲಾರದು.

ಎರಡನೆಯದು ವಿಶ್ರಾಂತಿಯಲ್ಲಿದ್ದಾಗ ಆಕ್ಸಿಮೀಟರಿನ ಅಂಕ. 92ಕ್ಕಿಂತ ಕಡಿಮೆ ಇದ್ದವರಿಗೆ ವಿಮಾನದಲ್ಲಿ ಆಮ್ಲಜನಕ ಬೇಕಾಗುವ ಸಂಭವವೇ ಹೆಚ್ಚು. 95ಕ್ಕಿಂತ ಹೆಚ್ಚಿದ್ದರೆ ಭಯವಿಲ್ಲವೆಂದು ಹಿಂದೆ ಭಾವಿಸಲಾಗಿತ್ತು. ನೆಲದ ಮೇಲಿನ ಅಂಕ ಚೆನ್ನಾಗಿದ್ದವರಲ್ಲಿಯೂ ಎತ್ತರದಲ್ಲಿ ಅದು ಕುಸಿಯಬಹುದೆಂಬುದು ಅನಂತರದ ಅಧ್ಯಯನಗಳಿಂದ ತಿಳಿದುಬಂದಿದೆ. ಬೆರಳು ತಣ್ಣಗಿದ್ದರೆ ಅಥವಾ ಉಗುರಿಗೆ ಬಣ್ಣ ಹಚ್ಚಿದ್ದರೆ ಅಂಕ ತಪ್ಪಾಗಬಹುದು. ಕಪ್ಪು ಮೈಬಣ್ಣದವರಲ್ಲಿ ಉಪಕರಣ ನಿಜಕ್ಕಿಂತ ತುಸು ಹೆಚ್ಚು ತೋರಿಸುವುದೂ ಉಂಟು. ಆದ್ದರಿಂದ ಮನೆಯ ಆಕ್ಸಿಮೀಟರನ್ನಷ್ಟೇ ನಂಬಿ ಪ್ರಯಾಣವನ್ನು ನಿರ್ಧರಿಸಬಾರದು.

ಮೂರನೆಯದು ಶ್ವಾಸಕೋಶಗಳ ಸಾಮರ್ಥ್ಯವನ್ನು ಅಳೆಯುವ ಸ್ಪೈರೋಮೆಟ್ರಿ ಮತ್ತು ಆರು ನಿಮಿಷಗಳ ನಡಿಗೆಯ ಪರೀಕ್ಷೆ. ನಡೆಯುವಾಗ ಅಂಕ ಎಷ್ಟು ಇಳಿಯುತ್ತದೆ ಎಂಬುದರಿಂದ ಶ್ವಾಸಕೋಶದಲ್ಲಿ ಉಳಿದಿರುವ ಮೀಸಲು ಶಕ್ತಿಯ ಅಂದಾಜು ದೊರೆಯುತ್ತದೆ. ಊದುವ ಪರೀಕ್ಷೆಯ ಫಲಿತಾಂಶ ರೋಗದ ತೀವ್ರತೆಯನ್ನು ತಿಳಿಸಿದರೂ, ವಿಮಾನದಲ್ಲಿ ಏನಾಗಬಹುದೆಂಬುದನ್ನು ಅದೊಂದರಿಂದಲೇ ಹೇಳಲಾಗದು.

ನಾಲ್ಕನೆಯದು ಅಲ್ಪ ಆಮ್ಲಜನಕ ಪರೀಕ್ಷೆ. ಸಂದೇಹ ಉಳಿದವರಿಗೆ ಮಾತ್ರ ಇದು ಅಗತ್ಯ. 1984ರಲ್ಲಿ ಅಮೆರಿಕದ ತಜ್ಞರು ಇದರ ವಿಧಾನವನ್ನು ಪ್ರಕಟಿಸಿದರು. ರೋಗಿಯನ್ನು ಕುಳ್ಳಿರಿಸಿ, ಶೇಕಡಾ 15ರಷ್ಟು ಆಮ್ಲಜನಕವಿದ್ದು ಉಳಿದದ್ದು ಸಾರಜನಕವಾಗಿರುವ ಗಾಳಿಯನ್ನು ಮುಖವಾಡದ ಮೂಲಕ ಸುಮಾರು 20 ನಿಮಿಷಗಳ ಕಾಲ ಉಸಿರಾಡಿಸಲಾಗುತ್ತದೆ. ಹೀಗೆ ವಿಮಾನದ ಒಳಗಿನ ಸ್ಥಿತಿಯನ್ನು ನೆಲದ ಮೇಲೆಯೇ, ವೈದ್ಯರ ಕಣ್ಣೆದುರಿನಲ್ಲಿಯೇ ನಿರ್ಮಿಸಿದಂತಾಗುತ್ತದೆ. ಅಂಕ 85ಕ್ಕಿಂತ ಕೆಳಗಿಳಿದರೆ, ಅಥವಾ ಅಪಧಮನಿಯ ರಕ್ತದಲ್ಲಿ ಆಮ್ಲಜನಕದ ಒತ್ತಡ 50 ಮಿಲಿಮೀಟರಿಗಿಂತ ಕಡಿಮೆಯಾದರೆ, ವಿಮಾನದಲ್ಲಿ ಆಮ್ಲಜನಕ ನೀಡಬೇಕೆಂದು ನಿರ್ಧರಿಸಲಾಗುತ್ತದೆ. ಸಾಮಾನ್ಯವಾಗಿ ಮೂಗಿನ ನಳಿಗೆಯ ಮೂಲಕ ನಿಮಿಷಕ್ಕೆ 2 ಲೀಟರ್ ಸಾಕಾಗುತ್ತದೆ. ಈ ಪರೀಕ್ಷೆಯ ಸೌಲಭ್ಯ ಎಲ್ಲೆಡೆ ಇರುವುದಿಲ್ಲ. ದೊಡ್ಡ ಆಸ್ಪತ್ರೆಗಳ ಶ್ವಾಸಕೋಶ ವಿಭಾಗಗಳಲ್ಲಿ ವಿಚಾರಿಸಬೇಕಾಗುತ್ತದೆ. ಪರೀಕ್ಷೆ ಲಭ್ಯವಿಲ್ಲದಿದ್ದಲ್ಲಿ ಮೊದಲ ಮೂರು ಹಂತಗಳ ಆಧಾರದ ಮೇಲೆ ತಜ್ಞರು ತೀರ್ಮಾನಿಸುತ್ತಾರೆ.

ಒಂದು ಉದಾಹರಣೆ

ದೆಹಲಿಯಲ್ಲಿ ಮಗನ ಮನೆಯಲ್ಲಿರುವ ಇಬ್ಬರು ವೃದ್ಧ ದಂಪತಿಗಳು ಮೊಮ್ಮಗಳ ಮದುವೆಗಾಗಿ ಬೆಂಗಳೂರಿಗೆ ಹೊರಟಿದ್ದಾರೆಂದು ಊಹಿಸಬಹುದು. ಇಬ್ಬರ ಆಕ್ಸಿಮೀಟರಿನ ಅಂಕವೂ 94. ಪತಿ ನಲವತ್ತು ವರ್ಷ ಸಿಗರೇಟು ಸೇದಿ ಬಿಟ್ಟವರು. ಸದಾ ಕೆಮ್ಮುವ ಅವರ ಬಗ್ಗೆಯೇ ಮನೆಯವರಿಗೆ ಚಿಂತೆ. ಪತ್ನಿ ಎಂದೂ ಧೂಮಪಾನ ಮಾಡಿದವರಲ್ಲ. ಯೌವನದಲ್ಲಿ ಕ್ಷಯ ಬಂದು ವಾಸಿಯಾಗಿತ್ತು. ಆಕೆ ಹೆಚ್ಚು ನಡೆದಾಡದಿರುವುದರಿಂದ ಏದುಸಿರಿನ ದೂರು ಹೇಳಿದ್ದೇ ಇಲ್ಲ.

ಆರು ನಿಮಿಷಗಳ ನಡಿಗೆಯಲ್ಲಿ ಪತಿಯ ಅಂಕ 91ಕ್ಕೆ ಇಳಿದು ನಿಂತರೆ, ಪತ್ನಿಯದು 83ಕ್ಕೆ ಇಳಿಯುತ್ತದೆ. ಅಲ್ಪ ಆಮ್ಲಜನಕ ಪರೀಕ್ಷೆಯಲ್ಲಿ ಪತಿಯ ಅಂಕ 87ರಲ್ಲಿಯೇ ಉಳಿದು, ಪತ್ನಿಯದು 80ಕ್ಕೆ ಕುಸಿಯುತ್ತದೆ. ನಿಮಿಷಕ್ಕೆ 2 ಲೀಟರ್ ಆಮ್ಲಜನಕ ಕೊಟ್ಟೊಡನೆ 91ಕ್ಕೆ ಏರುತ್ತದೆ. ಪತಿ ತಮ್ಮ ಔಷಧಿಗಳೊಡನೆ ಹಾಗೆಯೇ ಪ್ರಯಾಣಿಸಬಹುದು. ಪತ್ನಿ ಆಮ್ಲಜನಕದ ವ್ಯವಸ್ಥೆಯೊಡನೆ ಪ್ರಯಾಣಿಸಬಹುದು. ಪರೀಕ್ಷೆ ನಡೆಯದಿದ್ದರೆ ಮನೆಯವರು ಎಚ್ಚರ ವಹಿಸುತ್ತಿದ್ದುದು ಪತಿಯ ಬಗ್ಗೆ. ವಿಮಾನದಲ್ಲಿ ಕುಸಿಯುತ್ತಿದ್ದವರು ಪತ್ನಿ. ಸದ್ದಿಲ್ಲದ ರೋಗವನ್ನು ಹೊರಗಿನ ಲಕ್ಷಣದಿಂದ ಅಳೆಯಲಾಗದೆಂಬುದೇ ಈ ಉದಾಹರಣೆಯ ತಾತ್ಪರ್ಯ.

ಪ್ರಯಾಣವನ್ನು ಮುಂದೂಡಬೇಕಾದ ಸಂದರ್ಭಗಳು

ಎದೆಗೂಡಿನಲ್ಲಿ ಗಾಳಿ ಸೇರಿರುವ ನ್ಯೂಮೋಥೊರಾಕ್ಸ್ ಇದ್ದಾಗ ವಿಮಾನ ಹತ್ತಲೇಬಾರದು. ಶ್ವಾಸಕೋಶ ಪೂರ್ಣವಾಗಿ ಹಿಗ್ಗಿದೆಯೆಂದು ಎಕ್ಸ್-ರೇಯಿಂದ ಖಚಿತವಾದ ಮೇಲೂ ಕನಿಷ್ಠ ಒಂದು ವಾರ ಕಾಯಬೇಕು. ಕೆಮ್ಮಿದಾಗ ಹೆಚ್ಚು ರಕ್ತ ಬೀಳುತ್ತಿರುವವರು ಮತ್ತು ನೆಲದ ಮೇಲೆಯೇ ನಿಮಿಷಕ್ಕೆ 4 ಲೀಟರಿಗಿಂತ ಹೆಚ್ಚು ಆಮ್ಲಜನಕ ಬೇಕಾಗುವವರು ಸಾಮಾನ್ಯ ಪ್ರಯಾಣಿಕರಂತೆ ವಿಮಾನದಲ್ಲಿ ಹೋಗಬಾರದು. ರೋಗ ಉಲ್ಬಣಗೊಂಡಿರುವಾಗ ಅದು ಶಮನವಾಗುವವರೆಗೂ ಕಾಯುವುದು ಉಚಿತ.

ಇತರರಿಗೆ ಹರಡುವ ಹಂತದಲ್ಲಿರುವ ಕ್ಷಯರೋಗಿಗಳು ವಿಮಾನದಲ್ಲಿ ಪ್ರಯಾಣಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2008ರ ತನ್ನ ಮಾರ್ಗಸೂಚಿಯಲ್ಲಿ ಸ್ಪಷ್ಟಪಡಿಸಿದೆ. ಸಾಮಾನ್ಯ ಕ್ಷಯದಲ್ಲಿ ಕನಿಷ್ಠ ಎರಡು ವಾರಗಳ ಸಮರ್ಪಕ ಚಿಕಿತ್ಸೆ ಆಗಿರಬೇಕು. ಔಷಧಿಗಳಿಗೆ ಬಗ್ಗದ ಕ್ಷಯದಲ್ಲಿ ರೋಗ ಹರಡುವುದಿಲ್ಲವೆಂದು ಕಫ ಪರೀಕ್ಷೆಯಿಂದ ದೃಢಪಡಬೇಕು. ವರ್ಷಗಳ ಹಿಂದೆಯೇ ವಾಸಿಯಾದ ಕ್ಷಯಕ್ಕೆ ಈ ನಿರ್ಬಂಧ ಅನ್ವಯಿಸುವುದಿಲ್ಲ.

ಆಮ್ಲಜನಕದ ವ್ಯವಸ್ಥೆ

ವಿಮಾನದಲ್ಲಿ ತಲೆಯ ಮೇಲಿಂದ ಇಳಿದುಬರುವ ಮುಖವಾಡಗಳು ರೋಗಿಗಳಿಗಾಗಿ ಇರುವುದಲ್ಲ. ಒಳಗಿನ ಒತ್ತಡ ಹಠಾತ್ತನೆ ಕುಸಿದಾಗ, ವಿಮಾನ ಕೆಳಕ್ಕಿಳಿಯುವವರೆಗಿನ ಕೆಲವು ನಿಮಿಷಗಳ ಬಳಕೆಗೆ ಮಾತ್ರ ಅವನ್ನು ಇರಿಸಲಾಗಿದೆ. ರೋಗಿಗಳು ಪ್ರತ್ಯೇಕ ವ್ಯವಸ್ಥೆಯನ್ನು ಮೊದಲೇ ಮಾಡಿಕೊಳ್ಳಬೇಕು.

ಮನೆಯ ಆಮ್ಲಜನಕದ ಸಿಲಿಂಡರನ್ನು ವಿಮಾನ ಸಂಸ್ಥೆಯ ಅನುಮತಿಯಿಲ್ಲದೆ ಒಯ್ಯುವಂತಿಲ್ಲ. ದ್ರವರೂಪದ ಆಮ್ಲಜನಕವನ್ನು ಒಯ್ಯುವುದು ನಿಷಿದ್ಧ. ಕೆಲವು ವಿಮಾನ ಸಂಸ್ಥೆಗಳು ಶುಲ್ಕ ಪಡೆದು ಆಮ್ಲಜನಕ ಒದಗಿಸುತ್ತವೆ. ಎಲ್ಲ ಸಂಸ್ಥೆಗಳಲ್ಲಿಯೂ ಈ ಸೌಲಭ್ಯವಿಲ್ಲ. ಸುತ್ತಲಿನ ಗಾಳಿಯಿಂದಲೇ ಆಮ್ಲಜನಕವನ್ನು ಬೇರ್ಪಡಿಸಿ ಕೊಡುವ, ಬ್ಯಾಟರಿಯಿಂದ ನಡೆಯುವ ಸಣ್ಣ ಕಾನ್ಸೆಂಟ್ರೇಟರ್ ಯಂತ್ರವನ್ನು ಪೂರ್ವಾನುಮತಿಯೊಡನೆ ಬಳಸಬಹುದು. ಪ್ರಯಾಣದ ಅವಧಿಯ ಒಂದೂವರೆಪಟ್ಟು ಕಾಲಕ್ಕೆ ಸಾಲುವಷ್ಟು ಬ್ಯಾಟರಿಗಳಿರಬೇಕೆಂದು ಹಲವು ಸಂಸ್ಥೆಗಳು ಕೇಳುತ್ತವೆ. ಬಿಡಿ ಬ್ಯಾಟರಿಗಳನ್ನು ಕೈಚೀಲದಲ್ಲಿಯೇ ಇಡಬೇಕು, ಲಗೇಜಿಗೆ ಹಾಕಬಾರದು. ಇಂತಹ ಯಂತ್ರಗಳಲ್ಲಿ ಹಲವು, ರೋಗಿ ಉಸಿರೆಳೆದಾಗ ಮಾತ್ರ ಆಮ್ಲಜನಕ ಕೊಡುತ್ತವೆ. ಅವುಗಳ ಮೇಲಿರುವ '2' ಎಂಬ ಗುರುತು ನಿಮಿಷಕ್ಕೆ 2 ಲೀಟರ್ ಎಂಬುದಕ್ಕೆ ಸಮನಲ್ಲ. ಆದ್ದರಿಂದ ಅದೇ ಯಂತ್ರವನ್ನು ಹಾಕಿಕೊಂಡು ವೈದ್ಯರ ಸಮಕ್ಷಮದಲ್ಲಿ ಮೊದಲೇ ಪರೀಕ್ಷಿಸಿಕೊಳ್ಳಬೇಕು.

ಆಮ್ಲಜನಕ ಹೆಚ್ಚಾದಷ್ಟೂ ಒಳ್ಳೆಯದೆಂಬ ಭಾವನೆಯೂ ಸರಿಯಲ್ಲ. ಸಿ.ಓ.ಪಿ.ಡಿ. ರೋಗಿಗಳಲ್ಲಿ ಕೆಲವರಿಗೆ ಅತಿಯಾದ ಆಮ್ಲಜನಕದಿಂದ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಶೇಖರವಾಗಿ ಮಂಪರು ಕವಿಯುತ್ತದೆ. ವೈದ್ಯರು ಬರೆದುಕೊಟ್ಟ ಪ್ರಮಾಣವನ್ನು ಮೀರಬಾರದು.

ವಿಮಾನ ಸಂಸ್ಥೆಗೆ ಸಲ್ಲಿಸಬೇಕಾದ ವೈದ್ಯಕೀಯ ಮಾಹಿತಿ ಪತ್ರವನ್ನು 'ಮೆಡಿಫ್' ಎನ್ನುತ್ತಾರೆ. ಇದರ ಒಂದು ಭಾಗವನ್ನು ಪ್ರಯಾಣಿಕರೂ ಇನ್ನೊಂದು ಭಾಗವನ್ನು ವೈದ್ಯರೂ ತುಂಬಬೇಕು. ಸಾಮಾನ್ಯವಾಗಿ ಪ್ರಯಾಣಕ್ಕೆ 48ರಿಂದ 72 ಗಂಟೆಗಳ ಮೊದಲು ಇದು ಸಂಸ್ಥೆಯನ್ನು ತಲುಪಬೇಕು. ನಿಯಮಗಳು ಸಂಸ್ಥೆಯಿಂದ ಸಂಸ್ಥೆಗೆ ಬೇರೆಯಾಗಿರುವುದರಿಂದ, ಟಿಕೆಟು ಕೊಳ್ಳುವ ಮೊದಲೇ ವಿಚಾರಿಸುವುದು ಲೇಸು. ಈ ಪತ್ರದ ಉದ್ದೇಶ ರೋಗಿಯನ್ನು ತಡೆಯುವುದಲ್ಲ, ಅಗತ್ಯವಾದುದನ್ನು ಸಿದ್ಧವಾಗಿಡುವುದು. ರೋಗವನ್ನು ಮುಚ್ಚಿಟ್ಟು ಹೊರಟವರಿಗೆ ಆಕಾಶದಲ್ಲಿ ತೊಂದರೆಯಾದರೆ, ಹತ್ತಿರದ ವಿಮಾನ ನಿಲ್ದಾಣದಲ್ಲಿ ಇಳಿಯಲು ಕೂಡ ಸಾಕಷ್ಟು ಸಮಯ ಬೇಕಾಗುತ್ತದೆ ಎಂಬುದನ್ನು ಮರೆಯಬಾರದು.

ಪ್ರಯಾಣದ ದಿನ

ದೊಡ್ಡ ನಿಲ್ದಾಣಗಳಲ್ಲಿ ಪ್ರವೇಶದ್ವಾರದಿಂದ ವಿಮಾನದವರೆಗೆ ಬಹುದೂರ ನಡೆಯಬೇಕಾಗುವುದರಿಂದ ಗಾಲಿಕುರ್ಚಿಯನ್ನು ಮೊದಲೇ ಕೇಳಿಕೊಳ್ಳಬೇಕು. ಇದರಲ್ಲಿ ಸಂಕೋಚ ಸಲ್ಲದು. ಸೇದುವ ಔಷಧಿಗಳು, ಮಾತ್ರೆಗಳು, ವೈದ್ಯರ ಚೀಟಿ ಹಾಗೂ ಪರೀಕ್ಷಾ ವರದಿಗಳು ಕೈಚೀಲದಲ್ಲಿರಬೇಕು. ಶೌಚಾಲಯಕ್ಕೆ ಹತ್ತಿರವಾದ ಆಸನ ಅನುಕೂಲಕರ. ಮದ್ಯವನ್ನೂ ನಿದ್ರೆಯ ಮಾತ್ರೆಗಳನ್ನೂ ಸೇವಿಸಬಾರದು. ಇವು ಉಸಿರಾಟವನ್ನು ಮಂದಗೊಳಿಸುತ್ತವೆ. ದೀರ್ಘ ಪ್ರಯಾಣದಲ್ಲಿ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟದಂತೆ ಆಗಾಗ ಕಾಲುಗಳನ್ನು ಆಡಿಸುತ್ತಿರಬೇಕು. ವಿಮಾನದಲ್ಲಿ ಒದಗಿಸುವ ಆಮ್ಲಜನಕ ವಿಮಾನದೊಳಗೆ ಮಾತ್ರ ದೊರೆಯುತ್ತದೆ. ನಿಲ್ದಾಣದಲ್ಲಿ ಕಾಯುವಾಗ ಮತ್ತು ಇಳಿದ ಮೇಲೆ ಬೇಕಾಗುವ ವ್ಯವಸ್ಥೆಯನ್ನು ಕುಟುಂಬದವರೇ ನೋಡಿಕೊಳ್ಳಬೇಕು.

ತಲುಪುವ ಸ್ಥಳದ ಎತ್ತರವೂ ಮುಖ್ಯ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದ್ದು, ಹೆಚ್ಚಿನವರಿಗೆ ಅಲ್ಲಿ ತೊಂದರೆಯಾಗದು. ಆದರೆ ದೆಹಲಿಯಿಂದ ಲೇಹ್‌ಗೆ ಹೋಗುವವರ ಸ್ಥಿತಿ ಬೇರೆ. ಅಲ್ಲಿನ ವಿಮಾನ ನಿಲ್ದಾಣವೇ 3,200 ಮೀಟರಿಗಿಂತ ಎತ್ತರದಲ್ಲಿದೆ. ವಿಮಾನದೊಳಗೆ ಸುಖವಾಗಿದ್ದ ರೋಗಿ, ಬಾಗಿಲು ತೆರೆದ ಮೇಲೆ ಇನ್ನೂ ವಿರಳವಾದ ಗಾಳಿಯನ್ನು ಉಸಿರಾಡಬೇಕಾಗುತ್ತದೆ. ಅಲ್ಲಿ ಇರುವಷ್ಟು ದಿನವೂ ಅದೇ ಗಾಳಿ.

ವಿಮಾನಯಾನ ಉಚಿತವಲ್ಲವೆಂದು ವೈದ್ಯರು ಹೇಳಿದರೂ ಊರಿನ ದಾರಿ ಮುಚ್ಚಿತೆಂದು ತಿಳಿಯಬೇಕಾಗಿಲ್ಲ. ದೆಹಲಿಯಿಂದ ಬೆಂಗಳೂರಿಗೆ ರೈಲಿನಲ್ಲಿ ಸುಮಾರು ಒಂದೂವರೆ ದಿನ ಹಿಡಿಯುತ್ತದೆ; ಆದರೆ ಆ ದಾರಿಯಲ್ಲಿ ಎಲ್ಲಿಯೂ 8,000 ಅಡಿಗಳ ಗಾಳಿಯನ್ನು ಉಸಿರಾಡಬೇಕಾಗುವುದಿಲ್ಲ. ಎಚ್ಚರಿಕೆ ಮತ್ತು ಭಯ ಒಂದೇ ಅಲ್ಲ. ಪ್ರಯಾಣದ ದಿನಾಂಕ ಗೊತ್ತಾದೊಡನೆ ವೈದ್ಯರನ್ನು ಕಾಣುವುದು, ಹೇಳಿದ ಪರೀಕ್ಷೆಗಳನ್ನು ಮಾಡಿಸುವುದು, ವಿಮಾನ ಸಂಸ್ಥೆಗೆ ಸತ್ಯವನ್ನು ತಿಳಿಸುವುದು - ಈ ಮೂರು ಕೆಲಸಗಳನ್ನು ಸಕಾಲದಲ್ಲಿ ಮಾಡಿದ ರೋಗಿ, ಮದುವೆಯ ಮನೆಯನ್ನು ರೋಗಿಯಾಗಿ ಅಲ್ಲ, ಹಿರಿಯನಾಗಿ ಪ್ರವೇಶಿಸಬಲ್ಲನು.